ಭರ್ಜಿ ನೆಲ ಮುಟ್ಟಿದ ಕ್ಷಣ

2024ನೆಯ ಇಸವಿಯ ಆಗಸ್ಟ್ 8ರ ರಾತ್ರಿ. ಹನ್ನೆರಡು ಹೊಡೆಯಲು ಇನ್ನು ಐದು ನಿಮಿಷವಿತ್ತು. ಶಿಕಾರಿಪುರದ ನಮ್ಮ ಮನೆಯಲ್ಲಿ ಯಾರೂ ಮಲಗಿರಲಿಲ್ಲ. ಪ್ಯಾರಿಸ್ ಒಲಿಂಪಿಕ್ ಕ್ರೀಡಾಕೂಟದ ಭರ್ಜಿ ಎಸೆತದ ಅಂತಿಮ ಸ್ಪರ್ಧೆ ಆಗ ಆರಂಭವಾಗುವುದರಲ್ಲಿತ್ತು. ಮೂರು ವರ್ಷಗಳ ಹಿಂದೆ ಟೋಕಿಯೋದಲ್ಲಿ 87.58 ಮೀಟರ್ ದೂರ ಎಸೆದು, ಅಥ್ಲೆಟಿಕ್ಸ್ ವಿಭಾಗದಲ್ಲಿ ಭಾರತಕ್ಕೆ ಮೊತ್ತಮೊದಲ ಒಲಿಂಪಿಕ್ ಚಿನ್ನವನ್ನು ತಂದ ನೀರಜ್ ಚೋಪ್ರಾ ಮತ್ತೆ ಅಂಗಳಕ್ಕಿಳಿದಿದ್ದರು.

ಟೆಲಿವಿಷನ್ನಿನ ಮುಂದೆ ಕುಳಿತವರಲ್ಲಿ ನಮ್ಮ ಅಕ್ಕನ ಮಗಳೂ ಒಬ್ಬಳು. ಒಂಬತ್ತನೆಯ ತರಗತಿಯ ಹುಡುಗಿ. ಓದಿಗಾಗಿ ನಮ್ಮಲ್ಲಿಯೇ ಇದ್ದಾಳೆ. ಅವಳ ತಂದೆ, ಎಂದರೆ ನಮ್ಮ ಭಾವ, ಸೊರಬದಲ್ಲಿದ್ದರು. ಅಲ್ಲಿ ಮಳೆ ಬಿರುಸಾಗಿ ಹಿಡಿದು ಮನೆಯ ಮೇಲಿನ ಡಿಷ್‌ಗೆ ಚಿತ್ರ ಬರುವುದೇ ನಿಂತುಹೋಗಿತ್ತು. ಆದುದರಿಂದ ಅವರು ತಮ್ಮ ಮೊಬೈಲಿನಲ್ಲಿ ಪಂದ್ಯವನ್ನು ನೋಡುತ್ತ, ಅಕ್ಕನ ಫೋನಿನಿಂದ ನಮ್ಮೊಡನೆ ಮಾತನಾಡುತ್ತಿದ್ದರು.

ಪಾಕಿಸ್ತಾನದ ಅರ್ಷದ್ ನದೀಮ್ ತಮ್ಮ ಎರಡನೆಯ ಎಸೆತದಲ್ಲಿ 92.97 ಮೀಟರ್ ದೂರ ಸಾಧಿಸಿ ಒಲಿಂಪಿಕ್ ದಾಖಲೆಯನ್ನೇ ಮುರಿದರು. ನಮ್ಮ ಮನೆ ಸ್ತಬ್ಧವಾಯಿತು. ಅನಂತರ ಚೋಪ್ರಾ ಅವರ ಎರಡನೆಯ ಎಸೆತ: 89.45 ಮೀಟರ್. ಎಲ್ಲರೂ ಒಮ್ಮೆಲೇ ಕೂಗಿಕೊಂಡೆವು. ಆಗ ಫೋನಿನಲ್ಲಿ ಭಾವನವರ ಧ್ವನಿ ಕೇಳಿಸಿತು: “ಇರಿ, ಇರಿ! ಇಲ್ಲಿ ಆತ ಇನ್ನೂ ಭರ್ಜಿ ಹಿಡಿದು ನಿಂತೇ ಇದ್ದಾನೆ. ನಿಮಗೆಲ್ಲ ಮೊದಲೇ ಹೇಗೆ ತಿಳಿಯಿತು?”

ಮೂರನೆಯ ಎಸೆತದ ಹೊತ್ತಿಗೆ ಇನ್ನೊಂದು ಪ್ರಸಂಗ ನಡೆಯಿತು. ಎಡಗಾಲನ್ನು ಮಡಿಸಿ ಕುಳಿತಲ್ಲಿಂದ ಅಲುಗದೆ ಇದ್ದ ಹುಡುಗಿ ಬಾಯಾರಿಕೆ ತಡೆಯಲಾರದೆ ನೀರು ಕುಡಿಯಲು ಎದ್ದಳು. ಎಸೆತ ಫೌಲ್ ಆಯಿತು. “ನೀನು ಎದ್ದೆ, ಅದಕ್ಕೇ ಹೀಗಾಯಿತು” ಎಂದು ನಮ್ಮ ತಾಯಿ ನಗುತ್ತಲೇ ಅಂದರು. ಹುಡುಗಿ ನಗಲಿಲ್ಲ. ಓಡಿಬಂದು ಮೊದಲಿನ ಹಾಗೆಯೇ ಕಾಲು ಮಡಿಸಿ ಕುಳಿತಳು. ಆದರೂ ಉಳಿದ ಮೂರು ಎಸೆತಗಳೂ ಫೌಲ್ ಆದವು. ಆರರಲ್ಲಿ ಊರ್ಜಿತವಾದದ್ದು ಆ ಎರಡನೆಯ ಎಸೆತವೊಂದೇ. ಅದಕ್ಕೆ ಬೆಳ್ಳಿ ಬಂದಿತು. ಮಾರನೆಯ ಬೆಳಿಗ್ಗೆ ಹುಡುಗಿ ನಮ್ಮ ಬಳಿ ಬಂದು, “ಮಾವ, ನಾನು ಏಳದೆ ಇದ್ದಿದ್ದರೆ ಚಿನ್ನ ಬರುತ್ತಿತ್ತೆ?” ಎಂದು ಕೇಳಿದಳು. ಕಣ್ಣು ಕೆಂಪಾಗಿತ್ತು.

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಪಂದ್ಯವನ್ನು ಮನಸ್ಸಿಟ್ಟು ನೋಡುವ ಅಭಿಮಾನಿಗಳಲ್ಲಿ ಇಂಥ ಒಂದಲ್ಲ ಒಂದು ನೇಮವನ್ನು ಪಾಲಿಸದವರು ವಿರಳ. ಒಬ್ಬರಿಗೆ ಒಂದು ಅಂಗಿ, ಇನ್ನೊಬ್ಬರಿಗೆ ಒಂದು ಕುರ್ಚಿ. ಆದುದರಿಂದ ಹುಡುಗಿಯ ಪ್ರಶ್ನೆಗೂ ಭಾವನವರ ಪ್ರಶ್ನೆಗೂ ಒಟ್ಟಿಗೆ ಉತ್ತರ ಹುಡುಕಲು ನಾವು ನಿಶ್ಚಯಿಸಿದೆವು. ಎರಡೂ ಒಂದೇ ಪ್ರಶ್ನೆಯ ಎರಡು ಮುಖಗಳು: ನಾವು ಪರದೆಯ ಮೇಲೆ ‘ಈಗ’ ಎಂದು ನೋಡುವುದು ನಿಜವಾಗಿ ಯಾವಾಗ ನಡೆದದ್ದು?

ಆಕಾಶದ ದಾರಿ

ಶಿಕಾರಿಪುರದಿಂದ ಪ್ಯಾರಿಸ್ಸಿಗೆ ಭೂಮಿಯ ಮೇಲ್ಮೈಯನ್ನು ಅನುಸರಿಸಿ ಅತ್ಯಂತ ಹತ್ತಿರದ ದಾರಿಯಲ್ಲಿ ಅಳೆದರೆ ಸುಮಾರು 7,500 ಕಿಲೋಮೀಟರ್ ದೂರ. ಅಲ್ಲಿಯ ಪ್ರೇಕ್ಷಕರ ಕೂಗು ಗಾಳಿಯಲ್ಲಿಯೇ ಇಲ್ಲಿಯವರೆಗೆ ಬರುವುದು ಸಾಧ್ಯವೆಂದು ಕ್ಷಣಕಾಲ ಊಹಿಸೋಣ. ಶಬ್ದವು ಸೆಕೆಂಡಿಗೆ ಸುಮಾರು 345 ಮೀಟರ್ ದೂರ ಸಾಗುತ್ತದೆ. ಲೆಕ್ಕ ಹಾಕಿದರೆ ಆ ಕೂಗು ನಮ್ಮೂರನ್ನು ಮುಟ್ಟಲು ಆರು ಗಂಟೆ ಬೇಕು. ನಡುರಾತ್ರಿಯ ಜಯಘೋಷ ನಮಗೆ ಕೇಳುವುದು ಬೆಳಗಿನ ಕೋಳಿ ಕೂಗುವ ಹೊತ್ತಿಗೆ!

ಬೆಳಕು ಮತ್ತು ರೇಡಿಯೋ ಅಲೆಗಳ ವೇಗವಾದರೋ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಗಾಜಿನ ಎಳೆಗಳ ಕೇಬಲ್ಲಿನಲ್ಲಿ ಬೆಳಕು ಸ್ವಲ್ಪ ನಿಧಾನಿಸಿ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಆ ವೇಗದಲ್ಲಿಯೂ 7,500 ಕಿಲೋಮೀಟರಿಗೆ ಒಂದು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ಸಾಕು. ಸಮುದ್ರದ ಕೇಬಲ್ಲುಗಳು ನೆಟ್ಟಗೆ ಬರದೆ ಸುತ್ತಿ ಬರುವುದರಿಂದ ಇದು ಎರಡರಷ್ಟಾದರೂ ಕಣ್ಣುರೆಪ್ಪೆ ಬಡಿಯುವುದಕ್ಕಿಂತ ಹೆಚ್ಚೇನೂ ಅಲ್ಲ.

ಇನ್ನು ಉಪಗ್ರಹದ ದಾರಿ. ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ಬೀದಿಯಲ್ಲಿ ನಿಂತು ಮನೆಗಳ ಮೇಲಿನ ಡಿಷ್‌ಗಳನ್ನು ನೋಡಿರಿ. ಬಹುಮಟ್ಟಿಗೆ ಎಲ್ಲವೂ ಆಗ್ನೇಯದ ಕಡೆಗೆ ಮುಖವೆತ್ತಿರುತ್ತವೆ. ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು, ಭೂಮಿ ತನ್ನ ಅಕ್ಷದ ಸುತ್ತ ಒಮ್ಮೆ ತಿರುಗುವಷ್ಟೇ ಕಾಲದಲ್ಲಿ ತನ್ನ ಒಂದು ಸುತ್ತನ್ನು ಮುಗಿಸುತ್ತದೆ. ಆದುದರಿಂದಲೇ ಅದು ನಮಗೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ತೋರುತ್ತದೆ. ಇದನ್ನು ಭೂಸ್ಥಿರ ಉಪಗ್ರಹ ಎನ್ನುತ್ತಾರೆ. ದೂರದರ್ಶನದ ಉಚಿತ ಡಿಷ್ ಸೇವೆಗೆ ಒದಗುವ ಜಿಸ್ಯಾಟ್-15 ಎಂಬ ಉಪಗ್ರಹವು 2015ರಲ್ಲಿ ಹಾರಿತು. ಅದು ಪೂರ್ವರೇಖಾಂಶ 93.5 ಡಿಗ್ರಿಯ ನೇರದಲ್ಲಿದೆ. ನಮ್ಮ ಊರುಗಳಿಂದ ಅದರ ದೂರ ಸುಮಾರು 36,400 ಕಿಲೋಮೀಟರ್. ಇಂಥ ಉಪಗ್ರಹಗಳು ತಮ್ಮ ಸ್ಥಾನದಿಂದ ಜಾರದಂತೆ ಹಗಲಿರುಳು ಕಾಯುವ ಪ್ರಧಾನ ನಿಯಂತ್ರಣ ಕೇಂದ್ರವು ನಮ್ಮ ಹಾಸನದಲ್ಲಿಯೇ 1982ರಿಂದ ಇದೆ. ಸಂಕೇತವು ನೆಲದಿಂದ ಉಪಗ್ರಹಕ್ಕೆ ಏರಿ ಮತ್ತೆ ನಮ್ಮ ಡಿಷ್‌ಗೆ ಇಳಿಯಲು ಕಾಲು ಸೆಕೆಂಡಿನಷ್ಟು ಹೊತ್ತು ಹಿಡಿಯುತ್ತದೆ.

ಭಾವನವರ ಡಿಷ್ ಏಕೆ ಕೈಕೊಟ್ಟಿತು ಎಂಬುದನ್ನೂ ಇಲ್ಲಿಯೇ ಹೇಳಿಬಿಡಬಹುದು. ಈ ಸೇವೆಗಳು ಬಳಸುವ ರೇಡಿಯೋ ಅಲೆಯ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಕೆಲವು ಮಿಲಿಮೀಟರ್ ದಪ್ಪದ ಮಳೆಹನಿಗಳು ಇಂಥ ಅಲೆಗಳನ್ನು ಹೀರಿಕೊಳ್ಳುತ್ತವೆ, ಚದರಿಸುತ್ತವೆ. ಮಲೆನಾಡಿನ ಆಗಸ್ಟ್ ಮಳೆ ಬಿರುಸಾದಾಗ, 36,000 ಕಿಲೋಮೀಟರ್ ದೂರದಿಂದ ನಿರಾತಂಕವಾಗಿ ಬಂದ ಸಂಕೇತವು ಕೊನೆಯ ನಾಲ್ಕಾರು ಕಿಲೋಮೀಟರಿನ ಮಳೆಯಲ್ಲಿ ಸೊರಗಿಹೋಗುತ್ತದೆ.

ಕಾಲುವೆಯ ನೀರು, ಕೊಡದ ನೀರು

ದಾರಿಯಲ್ಲಿ ಕಳೆಯುವ ಹೊತ್ತು ಒಂದು ಸೆಕೆಂಡಿಗಿಂತ ಕಡಿಮೆ ಎಂದಾಯಿತು. ಹಾಗಾದರೆ ಭಾವನವರು ನಮಗಿಂತ ಅಷ್ಟು ಹಿಂದೆ ಉಳಿದದ್ದೇಕೆ? ತಡವಾಗುವುದು ಪಯಣದಲ್ಲಿ ಅಲ್ಲ, ಮೂಟೆ ಕಟ್ಟುವುದರಲ್ಲಿ ಮತ್ತು ಬಿಚ್ಚುವುದರಲ್ಲಿ.

ಉತ್ತಮ ದರ್ಜೆಯ ಒಂದು ಚಿತ್ರದಲ್ಲಿ ಅಡ್ಡಲಾಗಿ 1,920, ಉದ್ದವಾಗಿ 1,080, ಒಟ್ಟು ಸುಮಾರು 20 ಲಕ್ಷ 73 ಸಾವಿರ ಬಿಂದುಗಳಿರುತ್ತವೆ. ಸೆಕೆಂಡಿಗೆ 25 ಚಿತ್ರಗಳಂತೆ, ಪ್ರತಿ ಬಿಂದುವಿನ ಬಣ್ಣವನ್ನೂ ಸೊನ್ನೆ-ಒಂದುಗಳ 24 ಅಂಕೆಗಳಲ್ಲಿ ಬರೆದರೆ, ಒಂದು ಸೆಕೆಂಡಿಗೆ 124 ಕೋಟಿ ಅಂಕೆಗಳಾಗುತ್ತವೆ. ಇಷ್ಟನ್ನು ಮನೆಮನೆಗೆ ಕಳುಹಿಸುವುದು ಸಾಧ್ಯವಿಲ್ಲ. ಆದುದರಿಂದ ಇದನ್ನು ನೂರರಲ್ಲಿ ಒಂದು ಪಾಲಿಗೂ ಕಡಿಮೆಯಾಗುವಂತೆ ಕುಗ್ಗಿಸುತ್ತಾರೆ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಏನು ಬದಲಾಯಿತೋ ಅದನ್ನು ಮಾತ್ರ ಬರೆಯುವುದೇ ಉಪಾಯ. ಹಸಿರು ಅಂಗಳ ಇದ್ದಂತೆಯೇ ಇದೆ, ಓಡುವವನು ಮಾತ್ರ ಸರಿದಿದ್ದಾನೆ. ಸರಿದದ್ದಷ್ಟನ್ನೇ ಹೇಳಿದರೆ ಸಾಕು. ಆದರೆ ಹೋಲಿಸಬೇಕಾದರೆ ಮುಂದಿನ ಚಿತ್ರಗಳೂ ಕೈಯಲ್ಲಿರಬೇಕು. ಎಂದರೆ ಯಂತ್ರವು ಅವುಗಳಿಗಾಗಿ ಕಾಯಬೇಕು. ಅಂಗಳದಲ್ಲಿ ಒಮ್ಮೆ, ನಮ್ಮ ದೇಶದ ಪ್ರಸಾರ ಕೇಂದ್ರದಲ್ಲಿ ಮತ್ತೊಮ್ಮೆ ಮೂಟೆ ಕಟ್ಟಿ, ನಮ್ಮ ಮನೆಯ ಪೆಟ್ಟಿಗೆಯಲ್ಲಿ ಬಿಚ್ಚುವಷ್ಟರಲ್ಲಿ ಸಾಮಾನ್ಯವಾಗಿ ಐದರಿಂದ ಹತ್ತು ಸೆಕೆಂಡು ಕಳೆದಿರುತ್ತದೆ.

ಮೊಬೈಲಿನಲ್ಲಿ ಇದಕ್ಕೆ ಇನ್ನೊಂದು ಕಾರಣ ಕೂಡಿಕೊಳ್ಳುತ್ತದೆ. ಡಿಷ್‌ಗೆ ಚಿತ್ರ ಬರುವುದು ಅಂಜನಾಪುರದ ಕಾಲುವೆಯಲ್ಲಿ ನೀರು ಬಂದಂತೆ: ಒಂದೇ ಸಮನೆ, ಎಲ್ಲ ಗದ್ದೆಗಳಿಗೂ ಒಟ್ಟಿಗೆ. ಇಂಟರ್‌ನೆಟ್ಟಿನಲ್ಲಿ ಬರುವುದು ನಲ್ಲಿಯಿಂದ ಕೊಡದಲ್ಲಿ ನೀರು ಹೊತ್ತಂತೆ. ನಾಲ್ಕಾರು ಸೆಕೆಂಡುಗಳ ದೃಶ್ಯವೆಲ್ಲ ಒಂದು ಕೊಡ. ಕೊಡ ತುಂಬುವವರೆಗೆ ಅದನ್ನು ಎತ್ತುವಂತಿಲ್ಲ. ದಾರಿಯಲ್ಲಿ ಅಡಚಣೆಯಾದರೆ ಮನೆಯಲ್ಲಿ ನೀರಿಲ್ಲದಂತಾಗಬಾರದೆಂದು ಫೋನು ಎರಡು ಮೂರು ಕೊಡಗಳನ್ನು ಮುಂಚಿತವಾಗಿಯೇ ತುಂಬಿಟ್ಟುಕೊಂಡು, ಅನಂತರ ಮೊದಲನೆಯದನ್ನು ಬಗ್ಗಿಸುತ್ತದೆ. ಹೀಗೆ ಹದಿನೈದು, ಇಪ್ಪತ್ತು, ಒಮ್ಮೊಮ್ಮೆ ಮೂವತ್ತು ಸೆಕೆಂಡು ಹಿಂದೆ ಬೀಳುವುದುಂಟು. ಮರುದಿನ ನಾವು ಟೆಲಿವಿಷನ್ನನ್ನೂ ಮೊಬೈಲನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೇ ನೇರಪ್ರಸಾರವನ್ನು ಸ್ಟಾಪ್‌ವಾಚಿನಿಂದ ಅಳೆದೆವು. ಮೊಬೈಲು ಇಪ್ಪತ್ತು ಸೆಕೆಂಡಿಗೂ ಮಿಕ್ಕು ಹಿಂದಿತ್ತು. ಕೈಬಿಟ್ಟ ಭರ್ಜಿ ಗಾಳಿಯಲ್ಲಿರುವುದು ಸುಮಾರು ನಾಲ್ಕು ಸೆಕೆಂಡು ಮಾತ್ರ. ಭಾವನವರ ಪರದೆಯಲ್ಲಿ ಚೋಪ್ರಾ ಓಟ ತೊಡಗುವ ಮುನ್ನವೇ ಆ ಭರ್ಜಿ ಪ್ಯಾರಿಸ್ಸಿನ ಹುಲ್ಲಿನಲ್ಲಿ ನೆಟ್ಟು ನಿಂತಾಗಿತ್ತು.

ಹುಡುಗಿಯ ಪ್ರಶ್ನೆ

ಈಗ ಹುಡುಗಿಯ ಲೆಕ್ಕಕ್ಕೆ ಬರೋಣ. ಅವಳು ಎದ್ದದ್ದು ಪರದೆಯ ಮೇಲೆ ಚೋಪ್ರಾ ಓಡಿಬರುತ್ತಿದ್ದಾಗ. ಓಟ ಮುಗಿದು ಎಸೆತ ಆಗಲು ಆಗ ಎರಡು ಮೂರು ಸೆಕೆಂಡು ಉಳಿದಿತ್ತೆಂದು ಇಟ್ಟುಕೊಳ್ಳೋಣ. ನಮ್ಮ ಚಿತ್ರವಾದರೋ ಕಡಿಮೆಯೆಂದರೂ ಐದು ಸೆಕೆಂಡು ಹಳೆಯದು. ಎಂದರೆ ಅವಳು ಏಳುವುದಕ್ಕೆ ಮೊದಲೇ ಭರ್ಜಿ ಕೈಬಿಟ್ಟಾಗಿತ್ತು. ಕಾರಣ ಮೊದಲು, ಕಾರ್ಯ ಆಮೇಲೆ: ಭೌತವಿಜ್ಞಾನದಲ್ಲಿ ಇದಕ್ಕಿಂತ ಗಟ್ಟಿಯಾದ ನಿಯಮ ಮತ್ತೊಂದಿಲ್ಲ. ಆಗಿಹೋದ ಎಸೆತವನ್ನು ಕೆಡಿಸಲು ಅವಳ ಹೆಜ್ಜೆ ಕಾಲದಲ್ಲಿ ಹಿಂದಕ್ಕೆ ನಡೆಯಬೇಕಾಗುತ್ತಿತ್ತು.

ಆದರೆ ಹುಡುಗಿ ಸುಮ್ಮನಿರಲಿಲ್ಲ. “ಇನ್ನೂ ಮೊದಲೇ ಎದ್ದಿದ್ದರೆ?” ಎಂದಳು. ಒಳ್ಳೆಯ ಪ್ರಶ್ನೆ. ಆಗಲೂ ಉತ್ತರ ಬೇರೆಯಲ್ಲ. ಪ್ಯಾರಿಸ್ಸಿನಿಂದ ನಮ್ಮ ಮನೆಗೆ ಬರುವ ದಾರಿಯಿದೆ. ನಮ್ಮ ಮನೆಯಿಂದ ಪ್ಯಾರಿಸ್ಸಿಗೆ ಹೋಗುವ ದಾರಿಯಿಲ್ಲ. ಡಿಷ್ ಕೇಳುವ ಕಿವಿಯೇ ಹೊರತು ಮಾತನಾಡುವ ಬಾಯಲ್ಲ. ಯಾವ ಅಲೆಯೂ ಒಯ್ಯದ ಸುದ್ದಿ ಯಾರ ಕಾಲನ್ನೂ ತಡೆಯಲಾರದು.

ಹಾಗಿದ್ದೂ ಈ ನಂಬಿಕೆ ನಮಗೆ ಏಕೆ ಅಂಟಿಕೊಳ್ಳುತ್ತದೆ? ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ 1948ರಲ್ಲಿ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ಹಸಿದ ಹಕ್ಕಿಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ಗೊತ್ತಾದ ಹೊತ್ತಿಗೊಮ್ಮೆ ಕಾಳು ಬೀಳುವಂತೆ ಅವರು ಏರ್ಪಡಿಸಿದ್ದರು. ಸ್ವಲ್ಪ ಕಾಲದಲ್ಲಿ ಒಂದು ಹಕ್ಕಿ ಸುತ್ತು ಹಾಕತೊಡಗಿತು, ಮತ್ತೊಂದು ತಲೆಯನ್ನು ಮೂಲೆಯತ್ತ ಚಾಚತೊಡಗಿತು. ಕಾಳು ಬಿದ್ದ ಗಳಿಗೆಯಲ್ಲಿ ತಾನು ಮಾಡುತ್ತಿದ್ದ ಚೇಷ್ಟೆಗೇ ಕಾಳು ಬಂದಿತೆಂಬಂತೆ ಪ್ರತಿಯೊಂದೂ ನಡೆದುಕೊಂಡಿತು. ನಮ್ಮ ಹುಡುಗಿ ಕಾಲು ಮಡಿಸಿ ಕುಳಿತಾಗ ಒಮ್ಮೆ ಬೆಳ್ಳಿಯ ಕಾಳು ಬಿದ್ದಿತ್ತು. ಮುಂದಿನ ಮೂರು ಬಾರಿ ಹಾಗೆಯೇ ಕುಳಿತರೂ ಬೀಳಲಿಲ್ಲ. ಆದರೆ ಅದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಹೊಂದಿದ್ದನ್ನು ನೆನೆದು ಹೊಂದದ್ದನ್ನು ಮರೆಯುವುದೇ ಮೂಢನಂಬಿಕೆಯ ಗಣಿತ.

ಇನ್ನೊಂದು ಸಂಗತಿಯನ್ನೂ ಅವಳಿಗೆ ನೆನಪಿಸಿದೆವು. 2020ರ ಟೋಕಿಯೋ ಕ್ರೀಡಾಕೂಟವು ಕೋವಿಡ್ ಪಿಡುಗಿನ ನಿಮಿತ್ತ 2021ರಲ್ಲಿ ನಡೆಯಿತು. ಆ ವರ್ಷದ ಆಗಸ್ಟ್ 7ರಂದು ಚೋಪ್ರಾ ಚಿನ್ನ ಗೆದ್ದಾಗ ಕ್ರೀಡಾಂಗಣಕ್ಕೆ ಸಾರ್ವಜನಿಕ ಪ್ರೇಕ್ಷಕರಿಗೆ ಪ್ರವೇಶವೇ ಇರಲಿಲ್ಲ. ಎದುರಿಗಿದ್ದುದು ಖಾಲಿ ಆಸನಗಳು.

ತಡವಾದರೂ ಸುಳ್ಳಲ್ಲ

ಹಾಗಾದರೆ ನಾವು ನೋಡುವುದೆಲ್ಲ ಹಳಸಿದ್ದೇ, ವ್ಯರ್ಥವೇ? ಇಲ್ಲ. ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಅಂಶವಿದೆ. ಎಲ್ಲ ಕ್ಷಣಗಳೂ ಒಂದೇ ಸಮನಾಗಿ ತಡವಾದರೆ, ಕ್ಷಣಕ್ಕೂ ಕ್ಷಣಕ್ಕೂ ನಡುವಿನ ಅಂತರ ಕೆಡುವುದಿಲ್ಲ. ಸೂರ್ಯನ ಬೆಳಕು ನಮ್ಮನ್ನು ಮುಟ್ಟಲು 8 ನಿಮಿಷ 20 ಸೆಕೆಂಡು ಬೇಕು. ಆದರೂ ಗ್ರಹಣವು ಎಷ್ಟು ಹೊತ್ತು ಹಿಡಿಯಿತೆಂದು ನಾವು ತಪ್ಪಿಲ್ಲದೆ ಅಳೆಯುತ್ತೇವೆ. ಭಾವನವರ ಮೊಬೈಲಿನಲ್ಲಿ ಓಟವೂ ಎಸೆತವೂ ಅಂಗಳದಲ್ಲಿ ನಡೆದಷ್ಟೇ ಹೊತ್ತು ನಡೆದವು. ಅವರಿಗೆ ಆದ ನಷ್ಟ ಒಂದೇ: ನಮ್ಮ ಕೂಗು ಅವರ ಕುತೂಹಲವನ್ನು ಮೊದಲೇ ಮುರಿಯಿತು. ಫೋನಿನಲ್ಲಿ ಮಾತು ಒಂದು ಸೆಕೆಂಡಿನೊಳಗೆ ತಲಪುತ್ತದೆ. ಚಿತ್ರ ಇಪ್ಪತ್ತು ಸೆಕೆಂಡು ತಡ. ಅದು ನಮ್ಮ ತಪ್ಪು, ಒಪ್ಪಿಕೊಂಡೆವು.

ಗೆಲವು ಸೋಲುಗಳ ನಿಜವಾದ ಲೆಕ್ಕವಂತೂ ನಮ್ಮ ಪರದೆಯನ್ನು ಕಾಯದೆ ಅಂಗಳದಲ್ಲಿಯೇ ಮುಗಿದಿರುತ್ತದೆ. 1984ರಲ್ಲಿ ಲಾಸ್ ಏಂಜಲೀಸಿನ 400 ಮೀಟರ್ ಹರ್ಡಲ್ಸ್ ಓಟದಲ್ಲಿ ಪಿ. ಟಿ. ಉಷಾ ಅವರ ಕಾಲ 55.42 ಸೆಕೆಂಡು, ಕಂಚು ಪಡೆದ ರುಮೇನಿಯದ ಓಟಗಾರ್ತಿಯ ಕಾಲ 55.41. ಆ ವೇಗದಲ್ಲಿ ಒಂದು ಸೆಕೆಂಡಿನ ನೂರರಲ್ಲೊಂದು ಪಾಲು ಎಂದರೆ ಏಳು ಸೆಂಟಿಮೀಟರ್, ಎಂದರೆ ನಾಲ್ಕು ಬೆರಳಗಲ! 2024ರ ಪ್ಯಾರಿಸ್ಸಿನಲ್ಲಿ ಗೆಲುಗಂಬದ ಗೆರೆಯನ್ನು ಸೆಕೆಂಡಿಗೆ 40,000 ಬಾರಿ ಚಿತ್ರಿಸುವ ಕ್ಯಾಮೆರಾ ಇತ್ತು. ಪುರುಷರ 100 ಮೀಟರ್ ಓಟದಲ್ಲಿ ಮೊದಲಿಗನೂ ಎರಡನೆಯವನೂ ಬೇರೆಯಾದದ್ದು ಒಂದು ಸೆಕೆಂಡಿನ ಸಾವಿರದಲ್ಲಿ ಐದು ಪಾಲಿನಿಂದ: 9.784 ಮತ್ತು 9.789.

ಇಷ್ಟೊಂದು ಸೂಕ್ಷ್ಮವಾಗಿ ನೋಡುವ ಭಾಗ್ಯ ಹಿಂದಿನವರಿಗೆ ಇರಲಿಲ್ಲ. 1920ರಲ್ಲಿ ನಮ್ಮ ಬೆಳಗಾವಿಯ ಪಿ. ಡಿ. ಚೌಗುಲೆ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು. ಆಗ ನಮ್ಮ ದೇಶದಲ್ಲಿ ರೇಡಿಯೋ ಪ್ರಸಾರ ಕೂಡ ಆರಂಭವಾಗಿರಲಿಲ್ಲ. 1982ರ ದೆಹಲಿಯ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟೆಲಿವಿಷನ್ ಬಂದಿತು. ಇಂದು ಸೊರಬದ ಮಳೆಯಲ್ಲಿ ಕುಳಿತು ಇಪ್ಪತ್ತು ಸೆಕೆಂಡು ತಡವಾಯಿತೆಂದು ಮುನಿಸಿಕೊಳ್ಳುವ ಮಟ್ಟಕ್ಕೆ ನಾವು ಬಂದಿದ್ದೇವೆ.

ನಮ್ಮ ಕೂಗು ಮುಟ್ಟುವ ಅಂಗಳ

ಕೊನೆಗೆ ಹುಡುಗಿ ಕೇಳಿದಳು: “ಹಾಗಾದರೆ ನಾವು ಕೂಗುವುದರಿಂದ ಪ್ರಯೋಜನವೇ ಇಲ್ಲವೆ?” ಉಂಟು, ಆದರೆ ಕೂಗು ಮುಟ್ಟುವ ಕಡೆಯಲ್ಲಿ ಕೂಗಬೇಕು. ದೀಪಾವಳಿಯ ನಂತರ ನಮ್ಮ ಶಿಕಾರಿಪುರ ಸೊರಬ ಸೀಮೆಯಲ್ಲಿ ನಡೆಯುವ ಹೋರಿಹಬ್ಬವನ್ನು ನೋಡಿದವರಿಗೆ ಇದು ಗೊತ್ತು. ಜನರ ಕೇಕೆ ಕಿವಿಗೆ ಬಿದ್ದೊಡನೆ ಹೋರಿಯ ಓಟವೇ ಬೇರೆಯಾಗುತ್ತದೆ. ಶಾಲೆಯ ಕ್ರೀಡಾಕೂಟದಲ್ಲಿಯೂ ಹಾಗೆಯೇ. 100 ಮೀಟರ್ ದೂರದ ಗೆಳತಿಗೆ ನಮ್ಮ ಕೂಗು ಮುಟ್ಟಲು ಒಂದು ಸೆಕೆಂಡಿನ ಮೂರನೆಯ ಒಂದು ಪಾಲೂ ಬೇಡ. ಅವಳು ಇನ್ನೂ ಓಡುತ್ತಿರುವಾಗಲೇ ಅದು ಕೇಳಿಸುತ್ತದೆ.

ಆದರೆ ಇದೇ ಚಿಕ್ಕ ತಡವು ಅಲ್ಲಿ ಒಂದು ದೊಡ್ಡ ತಪ್ಪಿಗೂ ಎಡೆಗೊಡುತ್ತದೆ. 100 ಮೀಟರ್ ಓಟವನ್ನು ಸೀಟಿ ಊದಿ ಆರಂಭಿಸುತ್ತಾರೆನ್ನಿ. ಓಟಗಾರರಿಗೆ ಸೀಟಿ ಕೂಡಲೇ ಕೇಳುತ್ತದೆ. ಗೆರೆಯ ಬಳಿ ಸ್ಟಾಪ್‌ವಾಚ್ ಹಿಡಿದು ನಿಂತವರಿಗೆ ಕೇಳುವುದು ಸುಮಾರು 0.29 ಸೆಕೆಂಡು ತಡವಾಗಿ. ಸದ್ದನ್ನು ಕೇಳಿ ಗುಂಡಿ ಒತ್ತಿದರೆ ಪ್ರತಿಯೊಬ್ಬರ ಕಾಲವೂ ಅಷ್ಟು ಕಡಿಮೆಯಾಗಿ ಬರುತ್ತದೆ. ಮಿಲ್ಖಾ ಸಿಂಗ್ 1960ರಲ್ಲಿ ರೋಮಿನಲ್ಲಿ ಕಂಚನ್ನು ಕಳೆದುಕೊಂಡದ್ದು ಕೈಗಡಿಯಾರದ ಲೆಕ್ಕದಲ್ಲಿ ಒಂದು ಸೆಕೆಂಡಿನ ಹತ್ತರಲ್ಲೊಂದು ಪಾಲಿನಿಂದ. ನಮ್ಮ ತಪ್ಪು ಅದರ ಮೂರರಷ್ಟು! ಈ ಕಾರಣದಿಂದಲೇ ಕಾಲ ಅಳೆಯುವವರು ಪಿಸ್ತೂಲಿನ ಸದ್ದನ್ನಲ್ಲ, ಅದರ ಹೊಗೆಯನ್ನು ನೋಡಿ ಗಡಿಯಾರ ಒತ್ತಬೇಕೆಂಬ ನಿಯಮವಿದೆ. ದೊಡ್ಡ ಕೂಟಗಳಲ್ಲಿ ಪ್ರತಿ ಓಟಗಾರನ ಬೆನ್ನ ಹಿಂದೆಯೂ ಒಂದೊಂದು ಧ್ವನಿವರ್ಧಕವನ್ನಿಡುವುದು ಕೂಡ ಶಬ್ದದ ಈ ಪಕ್ಷಪಾತವನ್ನು ತಪ್ಪಿಸುವುದಕ್ಕಾಗಿಯೇ.

ವಿದ್ಯಾರ್ಥಿಗಳು ಇದನ್ನು ತಮ್ಮ ಶಾಲೆಯ ಬಯಲಿನಲ್ಲಿಯೇ ಪರೀಕ್ಷಿಸಬಹುದು. ಒಬ್ಬರು ಸೀಟಿ ಊದುವ ಕ್ಷಣದಲ್ಲಿಯೇ ಎತ್ತಿದ ಬಾವುಟವನ್ನು ಇಳಿಸಲಿ. 100 ಮೀಟರ್ ಆಚೆ ಇಬ್ಬರು ಸ್ಟಾಪ್‌ವಾಚ್ ಹಿಡಿದು ನಿಲ್ಲಲಿ. ಒಬ್ಬರು ಬಾವುಟವನ್ನು ನೋಡಿ, ಇನ್ನೊಬ್ಬರು ಕಣ್ಣು ಮುಚ್ಚಿ ಸೀಟಿಯನ್ನು ಕೇಳಿ ಗಡಿಯಾರವನ್ನು ಚಾಲೂ ಮಾಡಲಿ. ಅನಂತರ ಎರಡನ್ನೂ ಒಟ್ಟಿಗೆ ನಿಲ್ಲಿಸಲಿ. ಇಪ್ಪತ್ತು ಸಲ ಹೀಗೆ ಮಾಡಿ ವ್ಯತ್ಯಾಸಗಳ ಸರಾಸರಿ ತೆಗೆಯಿರಿ. ನಡುವೆ ಇಬ್ಬರೂ ಕೆಲಸವನ್ನು ಅದಲುಬದಲು ಮಾಡಿಕೊಳ್ಳುವುದನ್ನು ಮರೆಯಬಾರದು. ಏಕೆಂದರೆ ಬೆರಳಿನ ಚುರುಕು ಒಬ್ಬೊಬ್ಬರಿಗೆ ಒಂದೊಂದು ಬಗೆ. 100 ಮೀಟರನ್ನು ಆ ಸರಾಸರಿಯಿಂದ ಭಾಗಿಸಿದರೆ ಶಬ್ದದ ವೇಗ ಸ್ಥೂಲವಾಗಿ ಸಿಕ್ಕುತ್ತದೆ.

ನಮ್ಮ ಹುಡುಗಿ ಆ ವರ್ಷದ ಶಾಲೆಯ ಕ್ರೀಡಾಕೂಟದಲ್ಲಿ ಬಾವುಟ ಹಿಡಿಯುವ ಕೆಲಸವನ್ನು ತಾನೇ ಕೇಳಿ ಪಡೆದಳು. ಓಟ ಮುಗಿಯುವವರೆಗೂ ಕೂಗಿದಳು. ಮುಂದಿನ ಒಲಿಂಪಿಕ್ ಕೂಟವು 2028ರಲ್ಲಿ ಲಾಸ್ ಏಂಜಲೀಸಿನಲ್ಲಿ ನಡೆಯುವುದೆಂದು ಗೊತ್ತಾಗಿದೆ. ಆಗಲೂ ಅವಳು ಕಾಲು ಮಡಿಸಿಯೇ ಕುಳಿತುಕೊಳ್ಳುವಳೆಂದು ನಮ್ಮ ಊಹೆ. ಆದರೆ ಬಾಯಾರಿದಾಗ ಎದ್ದು ನೀರು ಕುಡಿಯುವುದಾಗಿ ಮಾತು ಕೊಟ್ಟಿದ್ದಾಳೆ.